ನಿಲಂಬೂರಿನ ಸಾಗುವಾನಿ ತೋಪಿನಲ್ಲಿ

ಮುಂಬಯಿಯಿಂದ ಕೇರಳಕ್ಕೆ ಹೊರಟವರನ್ನು ಕಂಡರೆ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಗುರುವಾಯೂರೋ, ಶಬರಿಮಲೆಯೋ?" ನಾವೂ ಗುರುವಾಯೂರಿಗೆಂದೇ ಹೊರಟವರು. ಮೊಮ್ಮಗನ ತುಲಾಭಾರದ ಹರಕೆ ಮೂರು ವರ್ಷಗಳಿಂದ ಉಳಿದುಕೊಂಡಿತ್ತು. ಆದರೆ ಅದೇ ದಾರಿಯಲ್ಲಿ ಒಂದು ದಿನವನ್ನು ಮಿಗಿಸಿಕೊಂಡು, ನಿಲಂಬೂರಿಗೆ ಹೋಗಿ ಮರಗಳನ್ನು ನೋಡಿ ಬರುತ್ತೇವೆ ಎಂದಾಗ ಡೊಂಬಿವಲಿಯ ನೆರೆಮನೆಯವರು ನಕ್ಕುಬಿಟ್ಟರು. "ಮರ ನೋಡುವುದಕ್ಕೆ ಮಲಬಾರಿನವರೆಗೆ ಹೋಗಬೇಕೆ? ನಿಮ್ಮ ಯಲ್ಲಾಪುರದಲ್ಲಿ ಮರಗಳಿಲ್ಲವೆ?" ಎಂದರು.

ಇವೆ. ಆ ಮರಗಳಿಂದಲೇ ಈ ಪ್ರವಾಸ ಹುಟ್ಟಿದ್ದು.

2017ರ ದೀಪಾವಳಿ ಕಳೆದ ಮೇಲೆ ಊರಿನಿಂದ ನಮ್ಮ ತಮ್ಮ ಫೋನು ಮಾಡಿದ. ಅಡಕೆ ತೋಟದ ಮೇಲುಗಡೆ, ನಮ್ಮ ಮಾಲ್ಕಿ ಜಾಗದಲ್ಲಿ, ಅಜ್ಜ ನೆಟ್ಟ ಇಪ್ಪತ್ತೆರಡು ಸಾಗುವಾನಿ ಮರಗಳಿವೆ. ಮರದ ವ್ಯಾಪಾರಿಯೊಬ್ಬ ಬಂದು ಒಂದೊಂದನ್ನೂ ತಬ್ಬಿ ಅಳೆದು ಹೋಗಿದ್ದನಂತೆ. ಇಲಾಖೆಯ ಅಪ್ಪಣೆಯ ಓಡಾಟವನ್ನೂ ತಾನೇ ನೋಡಿಕೊಳ್ಳುವೆನೆಂದು ಹೇಳಿದ್ದನಂತೆ. "ಎಂತ ಮಾಡೂದು ಅಣ್ಣ?" ಎಂದು ತಮ್ಮ ಕೇಳಿದ. ನಾವು ಹಿಂದುಮುಂದು ನೋಡದೆ, "ಛೆ, ಅಜ್ಜನ ಮರ! ಕಡಿಸಬೇಡ" ಎಂದುಬಿಟ್ಟೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮುಂಬಯಿಯಲ್ಲಿ ಕೂತು ಮರ ಉಳಿಸು ಎನ್ನೂದು ಸುಲಭ ಅಣ್ಣ. ಬೇಸಿಗೆಯಲ್ಲಿ ಬೆಂಕಿ ಬಂದಾಗ ಹಸಿಸೊಪ್ಪು ಹಿಡಿದು ಓಡೂದು ನಾನಲ್ಲವಾ?" ಎಂದ.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇತ್ತ ಮಗಳೂ ಅಳಿಯನೂ ಕಲ್ಯಾಣದ ಕಡೆ ಒಂದು ಮನೆ ನೋಡಿದ್ದರು. ಮೊದಲ ಕಂತಿಗೆ ಅವರ ಉಳಿತಾಯ ಸಾಲದಾಗಿತ್ತು. ಮರದ ಹಣದಲ್ಲಿ ನಮ್ಮ ಪಾಲು ಬಂದರೆ ಆ ಕೊರತೆ ತುಂಬುತ್ತಿತ್ತು. ಕಡಿಸಬೇಡ ಎಂದವರೂ ನಾವೇ, ಆ ರಾತ್ರಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದವರೂ ನಾವೇ. ಗುರುವಾಯೂರಿನಿಂದ ಬಂದ ಮೇಲೆ ತೀರ್ಮಾನ ತಿಳಿಸುವುದಾಗಿ ತಮ್ಮನಿಗೆ ಹೇಳಿದೆವು. ಮನುಷ್ಯರು ಕೈಯಾರೆ ನೆಟ್ಟು ಬೆಳೆಸಿದ ಸಾಗುವಾನಿ ತೋಪುಗಳಲ್ಲಿ ಲೋಕದಲ್ಲಿಯೇ ಅತ್ಯಂತ ಹಳೆಯದು ನಿಲಂಬೂರಿನಲ್ಲಿದೆ ಎಂದು ಕೇಳಿದ್ದೆವು. ಅದನ್ನು ಕಂಡರೆ ಏನಾದರೂ ಬುದ್ಧಿ ಹೊಳೆದೀತು ಎಂಬ ಆಸೆ.

2018ರ ಜನವರಿಯಲ್ಲಿ ನಾವು ನಾಲ್ವರು, ಎಂದರೆ ನಾವಿಬ್ಬರು, ಮಗಳು ಮತ್ತು ಏಳು ವರ್ಷದ ಮೊಮ್ಮಗ, ಕುರ್ಲಾದಲ್ಲಿ ನೇತ್ರಾವತಿ ಗಾಡಿಯನ್ನು ಹತ್ತಿದೆವು. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾದಂದಿನಿಂದ ನಮ್ಮಂಥವರಿಗೆ ಒಂದು ವಿಚಿತ್ರ ಸುಖ ದೊರೆತಿದೆ. ಕಿಟಕಿಯ ಪಕ್ಕದಲ್ಲಿ ಕುಳಿತೇ ಸಹ್ಯಾದ್ರಿಯ ಬುಡವನ್ನು ಉದ್ದಕ್ಕೂ ಸವರಿಕೊಂಡು ಹೋಗಬಹುದು. ಆದರೆ ನಮ್ಮ ಜಿಲ್ಲೆ ಬರುವ ಹೊತ್ತಿಗೆ ರಾತ್ರಿಯಾಗಿತ್ತು. ಕಾರವಾರ, ಅಂಕೋಲಾ, ಗೋಕರ್ಣ ಎಲ್ಲವೂ ನಿದ್ದೆಯಲ್ಲಿಯೇ ಹಿಂದೆ ಸರಿದುವು. ಹುಟ್ಟಿದ ನಾಡನ್ನು ನಿದ್ದೆಯಲ್ಲಿ ದಾಟಿ ಹೋಗುವುದೆಂದರೆ ಎಷ್ಟು ಸುಲಭ, ನೋಡಿ!

ಮರುದಿನ ಶೋರನೂರಿನಲ್ಲಿ ಇಳಿದು ನಿಲಂಬೂರಿನ ಚಿಕ್ಕ ಗಾಡಿಗೆ ಬದಲಾಯಿಸಿದೆವು. ಅರುವತ್ತಾರು ಕಿಲೋಮೀಟರಿನ ಈ ಶಾಖೆಗೂ ಮರಕ್ಕೂ ಹುಟ್ಟಿನಿಂದಲೇ ಸಂಬಂಧ. ಕಾಡಿನ ಮರವನ್ನು ಹೊರಸಾಗಿಸುವುದಕ್ಕೆಂದು 1927ರಲ್ಲಿ ಈ ಹಳಿ ಹಾಕಿದರು. ಎರಡನೆಯ ಮಹಾಯುದ್ಧದಲ್ಲಿ ಕಬ್ಬಿಣಕ್ಕೆ ಅಭಾವ ಬಂದಾಗ ಹಳಿಗಳನ್ನೇ ಕಿತ್ತುಕೊಂಡು ಹೋದರು. ಸ್ವಾತಂತ್ರ್ಯ ಬಂದ ಮೇಲೆ, 1954ರ ಹೊತ್ತಿಗೆ, ಮತ್ತೆ ಹಾಕಿದರು. ಅಂಗಾಡಿಪುರಂ, ಮೇಲಾಟ್ಟೂರು, ವಾಣಿಯಂಬಲಂ ಎಂಬ ಪುಟ್ಟ ಪುಟ್ಟ ನಿಲ್ದಾಣಗಳು. ಆಲದ ನೆರಳಿನ ಜಗಲಿಗಳು. ಹಳಿಯ ಎರಡೂ ಕಡೆ ಸಾಗುವಾನಿಯ ಸಾಲು. ಹೆಬ್ಬಾಗಿಲಿನ ತೋರಣದಂತೆ ಕೊಂಬೆಗಳು ಗಾಡಿಯ ತಲೆಯ ಮೇಲೆ ಬಾಗಿದ್ದುವು. ಮೊಮ್ಮಗ ಕಿಟಕಿಯಿಂದ ಕೈಚಾಚಿ ಅವನ ಅಜ್ಜಿಯಿಂದ ಬೈಸಿಕೊಂಡ.

ಈಗ ಸ್ವಲ್ಪ ಹಳೆಯ ಕಥೆ ಹೇಳಬೇಕು, ಓದುಗರು ಬೇಸರಿಸಬಾರದು. ಏಕೆಂದರೆ ಈ ಕಥೆ ಮೊದಲಾಗುವುದು ನಿಲಂಬೂರಿನಲ್ಲಿ ಅಲ್ಲ, ನಮ್ಮ ಮುಂಬಯಿಯಲ್ಲಿ.

ಕೋಟೆ ಭಾಗದ ಕಛೇರಿಗಳಿಗೆ ದಿನವೂ ಹೋಗಿಬರುವ ಕನ್ನಡಿಗರಿಗೆಲ್ಲ ಲಾಯನ್ ಗೇಟ್ ಗೊತ್ತು. ಅದರ ಒಳಗಿರುವ ನೌಕಾಂಗಣ ಇನ್ನೂರ ಎಂಬತ್ತು ವರ್ಷಗಳಿಗೂ ಹಿಂದಿನದು. ಸೂರತ್ತಿನ ಬಡಗಿ ಲವಜಿ ನಸರವಾನಜಿ ವಾಡಿಯಾ 1736ರಲ್ಲಿ ಇಲ್ಲಿಗೆ ಬಂದ. ಆತನೂ ಆತನ ಮಕ್ಕಳು ಮೊಮ್ಮಕ್ಕಳೂ ಕಟ್ಟಿದ ಹಡಗುಗಳು ಏಳು ಸಮುದ್ರಗಳನ್ನೂ ಸುತ್ತಿದುವು. ಅವುಗಳ ಒಡಲೆಲ್ಲ ಸಾಗುವಾನಿ. ಇಂಗ್ಲೆಂಡಿನವರು ತಮ್ಮ ನಾಡಿನಲ್ಲಿ ಓಕ್ ಮರದಿಂದ ಹಡಗು ಕಟ್ಟುತ್ತಿದ್ದರು. ಓಕ್ ಮರದ ಒಗರು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗುವಾನಿಯ ಎಣ್ಣೆಯಂಶವಾದರೋ ಮೊಳೆಯನ್ನು ಕಾಯುತ್ತದೆ. ಹುಳುವೂ ಗೆದ್ದಲೂ ಅದರ ಹತ್ತಿರ ಸುಳಿಯಲು ಹಿಂಜರಿಯುತ್ತವೆ. 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಎಂಬಲ್ಲಿ ನೀರಿನ ಮೇಲೆಯೇ ನಿಂತಿದೆ. ಅದರ ಮರ ಮಲಬಾರಿನದು. ಸಾಗುವಾನಿಗೆ ಇಂಗ್ಲಿಷರು ಹೇಳುವ 'ಟೀಕ್' ಎಂಬ ಹೆಸರು ಕೂಡ ಮಲೆಯಾಳದ 'ತೇಕ್ಕು' ಎಂಬ ಮಾತಿನಿಂದಲೇ ಪೋರ್ತುಗೀಜರ ಬಾಯಿ ಹಾದು ಹೋದದ್ದು. ನಮ್ಮ 'ತೇಗ' ಅದರ ಒಡಹುಟ್ಟು.

ಹಡಗಿನ ಹಸಿವು ದೊಡ್ಡದು. ಕಾಡು ಎಷ್ಟಿದ್ದರೂ ಸಾಲದು. ಕಂಪನಿ ಸರಕಾರ 1806ರಲ್ಲಿ ವಾಟ್ಸನ್ ಎಂಬ ಪೋಲೀಸು ಕ್ಯಾಪ್ಟನನನ್ನು ಮಲಬಾರಿನ ಕಾಡುಗಳಿಗೆ 'ಸಂರಕ್ಷಕ'ನನ್ನಾಗಿ ನೇಮಿಸಿತು. ಹೆಸರು ಸಂರಕ್ಷಕ, ಕೆಲಸ ಮಾತ್ರ ಹಡಗಿಗೆ ಮರ ಒದಗಿಸುವುದು. ಸಾಗುವಾನಿಯೆಲ್ಲ ಕಂಪನಿಯದೆಂದು ಸಾರಿದ್ದಾಯಿತು. ಕಾಡಿನ ಒಡೆಯರು, ರೈತರು, ವ್ಯಾಪಾರಿಗಳು ಎಲ್ಲರೂ ತಿರುಗಿ ನಿಂತರು. ಕಡೆಗೆ ಮದರಾಸಿನ ಗವರ್ನರನಾಗಿದ್ದ ಮನ್ರೋ ಸಾಹೇಬನ ಕಾಲದಲ್ಲಿ, 1823ರಲ್ಲಿ, ಆ ಏಕಸ್ವಾಮ್ಯ ರದ್ದಾಯಿತು. ಆಮೇಲೆ ಏನಾಯಿತೆಂದು ಊಹಿಸುವುದು ಕಷ್ಟವಲ್ಲ. ಮೊದಲು ಒಬ್ಬನು ಕಡಿಯುತ್ತಿದ್ದ, ಈಗ ಕೊಡಲಿ ಇದ್ದವರೆಲ್ಲ ಕಡಿದರು. ಆನೆಗಳು ದಿಮ್ಮಿಗಳನ್ನು ಹೊಳೆಗೆ ಎಳೆದುವು. ಬಿದಿರು ಕಟ್ಟಿ ತೇಲಿಸಿದ ದಿಮ್ಮಿಗಳು ಚಾಲಿಯಾರ್ ಹೊಳೆಯ ಗುಂಟ ಇಳಿದು ಕಲ್ಲಾಯಿ, ಬೇಪೂರುಗಳ ಮರದ ಅಂಗಳಗಳನ್ನು ಸೇರಿದುವು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಹೊಳೆಯ ದಡಕ್ಕೆ ಹತ್ತಿರವಾದ ಕಾಡುಗಳಲ್ಲಿ ಒಳ್ಳೆಯ ಮರವೇ ಉಳಿಯಲಿಲ್ಲ.

1840ರಲ್ಲಿ ಮಲಬಾರಿನ ಕಲೆಕ್ಟರನಾಗಿದ್ದವನು ಹೆನ್ರಿ ಕನೋಲಿ. ಹಡಗಿಗೆ ಮರ ಎಲ್ಲಿ ಎಂದು ಮೇಲಿನವರು ಕೇಳಿದರೆ ಉತ್ತರ ಹೇಳಬೇಕಾದವನು ಅವನು. ಬೇರೊಬ್ಬನಾಗಿದ್ದರೆ ಇನ್ನೂ ದೂರದ ಕಾಡನ್ನು ತೋರಿಸಿ ಅಲ್ಲಿ ಕಡಿಯಿರಿ ಎನ್ನುತ್ತಿದ್ದ. ಕನೋಲಿಗೆ ಬೇರೆ ಯೋಚನೆ ಬಂತು. ಅಜಾಗ್ರತೆಯಿಂದಲೂ ದುರಾಸೆಯಿಂದಲೂ ಹಾಳಾದ ಕಾಡಿನ ಜಾಗದಲ್ಲಿ ಹೊಸ ಕಾಡನ್ನು ನೆಡಬೇಕು. ಫಲಕ್ಕಾಗಿ ಬಹುಕಾಲ ಕಾಯಬೇಕಾದ ಈ ಕೆಲಸಕ್ಕೆ ಖಾಸಗಿಯವರು ಕೈಹಾಕಲಾರರು, ಸರಕಾರವೇ ಮಾಡಬೇಕು ಎಂದು ಅವನು ವಾದಿಸಿದ. ಕಡಿಸುವವನ ಕುರ್ಚಿಯಲ್ಲಿ ಕುಳಿತು ನೆಡುವ ಮಾತನ್ನಾಡಿದವರಲ್ಲಿ ಈತ ಮೊದಲಿಗರ ಸಾಲಿನವನು. ಒಪ್ಪಿಗೆ ಬಂತು. ಹೊಳೆದಂಡೆಯ ಭೂಮಿಯನ್ನು ಗೇಣಿಗೆ ಹಿಡಿದದ್ದೂ ಆಯಿತು.

ಆದರೆ ಬೀಜ ಮೊಳೆಯಲಿಲ್ಲ!

ಸಾಗುವಾನಿಯ ಕಾಯಿಯನ್ನು ಕೈಯಲ್ಲಿ ಹಿಡಿದವರಿಗೆ ಇದರ ಕಾರಣ ಗೊತ್ತು. ಹೊರಗೆ ಉಬ್ಬಿದ ಕಾಗದದಂಥ ಹೊದಿಕೆ, ಅದರ ಒಳಗೆ ಕಂಬಳಿಯಂಥ ಜುಂಗು, ಅದಕ್ಕೂ ಒಳಗೆ ಕಲ್ಲಿನಂಥ ಗೊರಟೆ. ಬೀಜವಿರುವುದು ಆ ಗೊರಟೆಯ ಗೂಡುಗಳಲ್ಲಿ. ಕಾಡಿನಲ್ಲಿ ಬಿಸಿಲು ಮಳೆಗಳು ಸರದಿಯಂತೆ ಬಡಿದು ಬಡಿದು ಅದನ್ನು ಸಡಿಲಿಸುತ್ತವೆ. ಕಲೆಕ್ಟರ್ ಸಾಹೇಬನ ಆಜ್ಞೆಗೆ ಅದು ಸಡಿಲುವುದಿಲ್ಲ. ಮೊದಲ ಎರಡು ಮೂರು ವರ್ಷ ಬಗೆಬಗೆಯ ಉಪಾಯ ಮಾಡಿ ಬಿತ್ತಿದ್ದೆಲ್ಲ ಮಣ್ಣುಪಾಲಾಯಿತು. ಸಾಹೇಬರ ಕೃಷಿಯನ್ನು ಕಂಡು ನಕ್ಕವರು ಎಷ್ಟು ಜನವೋ!

ಆಗ ಬಂದವನು ಚಾತು ಮೇನೋನ್. 1844ರ ಸುಮಾರಿಗೆ ಈ ನೆಡುತೋಪುಗಳ ಉಸ್ತುವಾರಿ ಅವನ ಕೈಗೆ ಬಂತು. ಹುದ್ದೆಯ ಹೆಸರು ಉಪಸಂರಕ್ಷಕ. ಬೀಜವನ್ನು ಒಂದೆರಡು ದಿನ ನೀರಿನಲ್ಲಿ ನೆನೆಹಾಕುವುದು, ಮಳೆಗೆ ಮುಂಚೆಯೇ ಮಡಿಗಳಲ್ಲಿ ಬಿತ್ತುವುದು, ಮೇಲೆ ಹುಲ್ಲು ಹೊದಿಸಿ ಸಂಜೆ ಸಂಜೆ ನೀರು ಚಿಮುಕಿಸುವುದು, ವಾರಗಟ್ಟಲೆ ತಾಳ್ಮೆಯಿಂದ ಕಾಯುವುದು, ಮೊಳೆತ ಸಸಿಯನ್ನು ಮಳೆಗಾಲದಲ್ಲಿ ಆರೇಳು ಅಡಿ ಅಂತರದಲ್ಲಿ ಕಿತ್ತು ನೆಡುವುದು: ಇಷ್ಟೇ ವಿದ್ಯೆ. ನಮ್ಮ ಹೆಂಗಸರು ಮೆಣಸಿನ ಸಸಿ ಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಆದರೆ ಅದನ್ನು ಹಿತ್ತಿಲಿನಲ್ಲಿ ಮಾಡುವುದು ಬೇರೆ, ಆನೆ ಓಡಾಡುವ, ಮಲೇರಿಯಾ ಜ್ವರ ತುಂಬಿದ ಹೊಳೆದಂಡೆಯಲ್ಲಿ ಮಳೆಗಾಲದ ಮೇಲೆ ಮಳೆಗಾಲ ಮಾಡುವುದು ಬೇರೆ. ಚಾತು ಮೇನೋನ್ 1862ರವರೆಗೂ ಆ ಕೆಲಸ ಬಿಡಲಿಲ್ಲ. ಅಷ್ಟರಲ್ಲಿ ಅವನ ಕೈಯಲ್ಲಿ ನೆಡಿಸಿಕೊಂಡ ಸಾಗುವಾನಿ ಮರಗಳು ಹತ್ತು ಲಕ್ಷಕ್ಕೂ ಮಿಕ್ಕಿದ್ದುವು.

ನಿಲಂಬೂರಿನ ನಿಲ್ದಾಣದಿಂದ ಆಟೋರಿಕ್ಷಾದಲ್ಲಿ ಅರುವಾಕೋಡಿಗೆ ಹೋದೆವು. ಅರಣ್ಯ ಇಲಾಖೆಯ ಕಟ್ಟೆಯಲ್ಲಿ ಚೀಟಿ ಕೊಂಡು ಒಳಗೆ ನಡೆದರೆ ಚಾಲಿಯಾರ್ ಹೊಳೆ. ಜನವರಿಯ ಹೊಳೆ ತಿಳಿಯಾಗಿ, ತನ್ನ ಮರಳನ್ನು ತಾನೇ ನೋಡಿಕೊಳ್ಳುತ್ತಾ ಹರಿಯುತ್ತಿತ್ತು. ಅದರ ಮೇಲಿನ ಉದ್ದನೆಯ ತೂಗುಸೇತುವೆಯನ್ನು, ಮೊಮ್ಮಗ ಬೇಕೆಂದೇ ಅಲುಗಾಡಿಸುತ್ತಿದ್ದುದನ್ನು ಸಹಿಸಿಕೊಂಡು, ದಾಟಿದೆವು. ದಾಟಿದ ಕೂಡಲೇ ತಲೆ ಎತ್ತಬೇಕಾಯಿತು.

ಸಾಗುವಾನಿಯನ್ನು ಬಲ್ಲವರು ನಾವು. ಬಾಲ್ಯದಲ್ಲಿ ಅದರ ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ಬಂದ ಕೆಂಪನ್ನು ರಕ್ತವೆಂದು ತೋರಿಸಿ ಆಯಿಯನ್ನು ಹೆದರಿಸಿದವರು. ಆದರೆ ಇಂಥ ಸಾಗುವಾನಿಯನ್ನು ನಾವು ಕಂಡಿರಲಿಲ್ಲ. ಎಲೆ ಉದುರುವ ಕಾಲ. ಕಾಲಡಿಯಲ್ಲಿ ಊಟದೆಲೆಯಷ್ಟಗಲದ ಒಣಗಿದ ಎಲೆಗಳು ಹಪ್ಪಳದಂತೆ ಮುರಿಯುತ್ತಿದ್ದುವು. ಮೇಲೆ, ಬಹಳ ಮೇಲೆ, ಕೊಂಬೆಗಳ ನಡುವೆ ಆಕಾಶದ ತುಣುಕುಗಳು. ನಡುವೆ ನೆಟ್ಟಗೆ ಎದ್ದ ಕಂಬಗಳು. ಅವುಗಳಲ್ಲಿ ಅತಿ ದೊಡ್ಡದರ ಸುತ್ತಳತೆ ನಾಲ್ಕು ಮೀಟರಿಗೂ ಹೆಚ್ಚು. ನಾವು ಮೂವರು ಕೈಗೆ ಕೈ ಹಿಡಿದು ತಬ್ಬಿದರೂ ಬೆರಳುಗಳು ಮುಟ್ಟಲು ಮೊಮ್ಮಗನ ತೋಳೂ ಬೇಕೆಂದು ತೋರಿ ಅವನನ್ನೂ ಸೇರಿಸಿಕೊಂಡೆವು. ಊರಿನಲ್ಲಿ ಆ ವ್ಯಾಪಾರಿ ಮರ ತಬ್ಬಿ ಅಳೆದದ್ದು ಆಗ ನೆನಪಾಯಿತು. ತಬ್ಬುವುದರಲ್ಲಿಯೂ ಎಷ್ಟು ಬಗೆ!

ಈ ತೋಪು 1846ರಲ್ಲಿ ನೆಟ್ಟದ್ದು. ಆಗ ಇದು ಸುಮಾರು ಹದಿನೈದು ಎಕರೆಯಷ್ಟಿತ್ತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಮರದ ಬೇಡಿಕೆಗೆ ಒಂಬತ್ತು ಎಕರೆ ಬಲಿಯಾಯಿತು. ಉಳಿದ 5.7 ಎಕರೆಯನ್ನು 1943ರಲ್ಲಿ ಶಾಶ್ವತವಾಗಿ ಕಾಪಾಡಬೇಕಾದ ತೋಪೆಂದು ಗೊತ್ತುಪಡಿಸಿದರು. ಈಗ ಇಲ್ಲಿರುವುದು ನೂರಕ್ಕೆ ಸ್ವಲ್ಪ ಮಿಕ್ಕ ಮರಗಳು. ಹತ್ತು ಲಕ್ಷದಲ್ಲಿ ನೂರು! ಉಳಿದುವೆಲ್ಲ ಐವತ್ತು ಅರುವತ್ತು ವರ್ಷಗಳಿಗೆ ಒಮ್ಮೆ ಕಡಿಸಿಕೊಂಡು, ಅದೇ ನೆಲದಲ್ಲಿ ಮತ್ತೆ ನೆಡಿಸಿಕೊಂಡು, ಎರಡನೆಯ ಮೂರನೆಯ ತಲೆಮಾರುಗಳಾಗಿ ನಿಲಂಬೂರಿನ ಸುತ್ತ ಬೆಳೆಯುತ್ತಿವೆ.

ತೋಪಿನ ಹೆಸರು 'ಕನೋಲಿ ಪ್ಲಾಟ್'. ಹೆಸರನ್ನು ಓದಿ ಮೊಮ್ಮಗ ಕೇಳಿದ: "ಅಜ್ಜಾ, ಈ ಕನೋಲಿ ಮರ ಇಷ್ಟು ದೊಡ್ಡದಾದದ್ದನ್ನು ನೋಡಿದ್ದನಾ?"

ನೋಡಲಿಲ್ಲ. 1855ರ ಸೆಪ್ಟೆಂಬರ್ 11ರಂದು, ಕಲ್ಲಿಕೋಟೆಯ ತನ್ನ ಬಂಗಲೆಯ ಜಗಲಿಯಲ್ಲಿ, ಸೆರೆಯಿಂದ ತಪ್ಪಿಸಿಕೊಂಡು ಬಂದ ಬಂಡಾಯಗಾರರ ಕೈಯಲ್ಲಿ ಅವನು ಹತನಾದ. ಮಲಬಾರಿನ ಒಡೆತನದ ಜಗಳಗಳೂ ಕಂಪನಿಯ ಬಿಗಿಯಾಳ್ವಿಕೆಯೂ ಸೇರಿ ಹೊತ್ತಿಕೊಂಡ ಬೆಂಕಿ ಅದು. ಅದರ ಕಥೆಯೇ ಬೇರೆ. ಈ ಮರಗಳಿಗೆ ಆಗ ಒಂಬತ್ತು ವರ್ಷ.

"ಹಾಗಾದರೆ ಇವುಗಳಿಂದ ಹಡಗು ಮಾಡಿದರಾ?"

ಅದೂ ಇಲ್ಲ. 1860ರಲ್ಲಿಯೇ ಬ್ರಿಟನ್ನಿನವರು ಕಬ್ಬಿಣದ ಒಡಲಿನ ಯುದ್ಧನೌಕೆಯನ್ನು ನೀರಿಗೆ ಇಳಿಸಿದ್ದರು. ಈ ಮರಗಳು ಬಲಿಯುವ ಹೊತ್ತಿಗೆ ಮರದ ಯುದ್ಧನೌಕೆಯ ಕಾಲವೇ ಮುಗಿದಿತ್ತು. ಇತ್ತ 1861ರಲ್ಲಿ ಬೇಪೂರಿನಿಂದ ತಿರೂರಿಗೆ ರೈಲು ಓಡಿತು. ಹಡಗಿಗೆಂದು ನೆಟ್ಟ ಕಾಡು ಕಾಲ ಬದಲಾದಂತೆ ಮನೆಗೆ, ಸೇತುವೆಗೆ, ಯುದ್ಧಕ್ಕೆ ಒದಗಿತು. ನೆಟ್ಟವನ ಲೆಕ್ಕ ಒಂದು, ಮರದ ಲೆಕ್ಕ ಇನ್ನೊಂದು. ನೆಟ್ಟದ್ದು ಯಾವುದಕ್ಕೆ ಎಂಬುದು ತಪ್ಪಾದರೂ ನೆಟ್ಟದ್ದು ತಪ್ಪಾಗಲಿಲ್ಲ. ನಮಗೆ ಅಲ್ಲಿ ಹೊಳೆದ ಮೊದಲನೆಯ ಮಾತು ಇದು.

ಎರಡನೆಯ ಮಾತನ್ನು ಹೇಳಿದವಳು ಮಗಳು. ಹೊಳೆದಡದ ಕಟ್ಟೆಯ ಮೇಲೆ ಕುಳಿತು ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ತಿನ್ನುತ್ತಿರುವಾಗ, "ಅಪ್ಪಾ, ಕನೋಲಿ ಕಲ್ಲಿಕೋಟೆಯಲ್ಲಿ ಕೂತು ಕಾಗದ ಬರೆದ. ಇಲ್ಲಿ ನೀರು ಹಾಕಿದವ ಚಾತು ಮೇನೋನ್. ತೋಪಿಗೆ ಹೆಸರು ಮಾತ್ರ ಕಾಗದ ಬರೆದವನದು" ಎಂದಳು. ಅವಳು ಸಹಜವಾಗಿ ಹೇಳಿದ ಮಾತು. ನಮಗೆ ಮಾತ್ರ ಅವಲಕ್ಕಿ ಗಂಟಲಿನಲ್ಲಿ ನಿಂತಿತು. ಮುಂಬಯಿಯಲ್ಲಿ ಕೂತು ಮರ ಉಳಿಸು ಎನ್ನೂದು ಸುಲಭ ಅಣ್ಣ, ಎಂದ ಧ್ವನಿ ಕಿವಿಯಲ್ಲಿ ಮೊಳಗಿತು.

ಕನೋಲಿಯನ್ನು ಕಿರಿದು ಮಾಡುವ ಉದ್ದೇಶ ನಮ್ಮದಲ್ಲ. ಅವನು ಕಾಗದ ಬರೆಯದಿದ್ದರೆ ಚಾತು ಮೇನೋನನಿಗೆ ನೆಡುವ ನೆಲವಾಗಲಿ ಕೂಲಿಗೆ ಹಣವಾಗಲಿ ಎಲ್ಲಿ ಬರಬೇಕು? ಆದರೆ ಕಾಗದಕ್ಕೆ ಬೇರು ಬರುವುದಿಲ್ಲವಲ್ಲ. ಬೇರು ಬರುವುದು ಅಲ್ಲಿಯೇ ನಿಂತವನ ಕೈಯಿಂದ. ಚಾತು ಮೇನೋನನ ಬೆನ್ನ ಹಿಂದೆ ಮಡಿ ಮಾಡಿದ, ಕಳೆ ಕಿತ್ತ ನೂರಾರು ಕೂಲಿಯಾಳುಗಳ ಹೆಸರಂತೂ ಯಾವ ಫಲಕದ ಮೇಲೆಯೂ ಬರುವುದಿಲ್ಲ.

ಮಧ್ಯಾಹ್ನ, ಗೂಡಲೂರಿನ ದಾರಿಯಲ್ಲಿರುವ ಸಾಗುವಾನಿ ಸಂಗ್ರಹಾಲಯಕ್ಕೆ ಹೋದೆವು. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು 1995ರಲ್ಲಿ ಇದನ್ನು ತೆರೆದರು. ಒಂದೇ ಒಂದು ಮರಕ್ಕಾಗಿ ಎದ್ದ ಎರಡಂತಸ್ತಿನ ಮನೆ! ಬಾಗಿಲಲ್ಲಿಯೇ ಇಡಿಯ ಸಾಗುವಾನಿ ಮರವೊಂದರ ಬೇರಿನ ಜಾಲವನ್ನು ಮಣ್ಣು ಕಳೆದು ನಿಲ್ಲಿಸಿದ್ದಾರೆ. ನೆಲದ ಮೇಲೆ ಅಷ್ಟು ನೆಟ್ಟಗೆ, ಗಂಭೀರವಾಗಿ ನಿಲ್ಲುವ ಮರ ನೆಲದ ಕೆಳಗೆ ಹೀಗೆ ದಿಕ್ಕುದಿಕ್ಕಿಗೆ ತಡಕಾಡುತ್ತಿರುತ್ತದೆ ಎಂದು ಯಾರಿಗೆ ಗೊತ್ತಿತ್ತು? ನಮ್ಮ ಮನೆಯವರು ಬಹಳ ಹೊತ್ತು ಅದರ ಮುಂದೆ ನಿಂತು, "ಊರು ಬಿಟ್ಟವರ ಮನಸ್ಸು ಹೀಗೇ ಇರಬೇಕು" ಎಂದರು.

ಸಂಜೆ ನಿಲಂಬೂರಿನ ಪೇಟೆಯಲ್ಲಿ ನಡೆದದ್ದೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಜೇನು ತುಂಬಿದ ಸೀಸೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದ ಕಾಡಿನ ಹೆಂಗಸರಿಬ್ಬರು ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು. ಮಲೆಯಾಳದ ನಡುವೆ ಆ ಮಾತು ಕೇಳಿ ನಮ್ಮ ಕಿವಿ ನೆಟ್ಟಗಾಯಿತು. ಅರ್ಧಕ್ಕರ್ಧ ತಿಳಿಯುತ್ತಿದೆ! ವಿಚಾರಿಸಿದರೆ ಅವರು ಕಾಟ್ಟುನಾಯ್ಕರ್ ಜನ. ನಮ್ಮ ಕೊಡಗು ಮೈಸೂರು ಸೀಮೆಯ ಜೇನುಕುರುಬರ ಹತ್ತಿರದ ಬಳಗ. ಅವರ ನುಡಿ ಕನ್ನಡಕ್ಕೆ ಬಹಳ ಸಮೀಪ. ನಿಲಂಬೂರಿನ ಆಚೆ ಕರುಳಾಯಿ ಕಾಡಿನ ಕಲ್ಲುಗುಹೆಗಳಲ್ಲಿ ಬಾಳಿ ಬಂದ ಚೋಲನಾಯ್ಕರ ಮಾತಿನಲ್ಲಿಯೂ ಕನ್ನಡದ ಎಳೆ ಇದೆಯೆಂದು ಬಲ್ಲವರು ಹೇಳುತ್ತಾರೆ. ಅವರ ಸಂಖ್ಯೆ ಕೆಲವೇ ನೂರು.

ಜೇನು ಕೊಂಡದ್ದಾಯಿತು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಬೆಳಗಿನಿಂದ ನಾವು ಹೊಗಳಿದ ತೋಪು ಈ ಜನರ ಕಾಡಲ್ಲ. ಒಂದೇ ಜಾತಿಯ ಮರ, ಒಂದೇ ಸಾಲು, ಒಂದೇ ವಯಸ್ಸು. ಇವರ ಕಾಡಿನಲ್ಲಿ ಜೇನಿಗೆ ಹೂವುಂಟು, ಬುಟ್ಟಿಗೆ ಬಿದಿರುಂಟು, ಹಸಿದಾಗ ಗೆಡ್ಡೆಯುಂಟು. ಸಾಗುವಾನಿ ಲಾಭದ ಮರವೆಂದು ತೋರಿದ ಮೇಲೆ ಇಲ್ಲಿಯೂ, ನಮ್ಮ ಉತ್ತರ ಕನ್ನಡದಲ್ಲಿಯೂ, ಎಷ್ಟೋ ಕಡೆ ಇಂಥ ಬೆರಕೆಯ ಕಾಡನ್ನು ತೆಗೆದು ತೋಪು ನೆಟ್ಟದ್ದುಂಟು. ಹಾಳಾದ ನೆಲದಲ್ಲಿ ಮರ ನೆಡುವುದು ಪುಣ್ಯ. ಇದ್ದ ಕಾಡನ್ನು ಕೆಡವಿ ನೆಡುವುದು ಮಾತ್ರ ವ್ಯಾಪಾರ. ಸಂರಕ್ಷಣೆ ಎಂಬ ಒಂದೇ ಹೆಸರಿನಲ್ಲಿ ಎರಡೂ ನಡೆದುವು. 1856ರಲ್ಲಿ ಮದರಾಸಿಗೆ ಅರಣ್ಯ ಸಂರಕ್ಷಕನಾದ ಕ್ಲೆಗ್‌ಹಾರ್ನ್ ಎಂಬ ವೈದ್ಯ ಅದಕ್ಕೂ ಮೊದಲು ನಮ್ಮ ಶಿವಮೊಗ್ಗೆಯಲ್ಲಿ ಕೆಲಸ ಮಾಡಿದವನು. ಅಲ್ಲಿನ ಗಿಡಮೂಲಿಕೆಗಳ ಚಿತ್ರ ಬರೆಸಿದವನು. 1864ರಲ್ಲಿ ಇಡೀ ದೇಶಕ್ಕೆ ಅರಣ್ಯ ಇಲಾಖೆಯಾಯಿತು. ಕಾನೂನುಗಳೂ ಬಂದುವು. ಕಾಡು ಒಂದಿಷ್ಟು ಉಳಿಯಿತು. ಅದರೊಡನೆಯೇ ಕಾಡಿನ ಜನರಿಗೆ ಕಾಡಿನಲ್ಲಿಯೇ ಅಪ್ಪಣೆ ಬೇಡುವ ಕಾಲವೂ ಬಂತು.

ಗುರುವಾಯೂರಿನಲ್ಲಿ ತುಲಾಭಾರ ಮುಗಿಸಿ ಮುಂಬಯಿಗೆ ಮರಳಿದ ದಿನವೇ ತಮ್ಮನಿಗೆ ಫೋನು ಮಾಡಿದೆವು. ಈ ಸಲ ಹೀಗೆ ಮಾಡು ಎನ್ನಲಿಲ್ಲ. "ನಿನಗೆ ಹೇಗೆ ತೋರುತ್ತದೆ?" ಎಂದು ಕೇಳಿದೆವು. ಅವನಿಗೆ ಆಶ್ಚರ್ಯವಾಗಿರಬೇಕು. ತಡೆದು ತಡೆದು ಹೇಳಿದ: ಹೊಳೆಯ ಕಡೆಯ ಹತ್ತು ಮರಗಳನ್ನು ಮುಟ್ಟಬಾರದು, ಅವು ಮಣ್ಣನ್ನು ಹಿಡಿದಿವೆ. ಮೇಲಿನ ಹನ್ನೆರಡು ಬಲಿತಿವೆ, ಕೊಡಬಹುದು. ಆದರೆ ಒಂದಕ್ಕೆ ಮೂರರಂತೆ ನೆಡಬೇಕು. ಬರಿಯ ಸಾಗುವಾನಿಯನ್ನಲ್ಲ, ನಡುವೆ ಹಲಸು, ಮತ್ತಿ, ನೇರಳೆಯೂ ಇರಲಿ. "ಅಜ್ಜ ನೆಟ್ಟದ್ದು ಕಡಿಯಲಿಕ್ಕೇ ಅಣ್ಣ. ಆದರೆ ನೆಡದೇ ಇದ್ದವರು ಕಡಿಯಲಿಕ್ಕೆ ಅಲ್ಲ" ಎಂದ. ಇಷ್ಟೆಲ್ಲ ಅವನ ಮನಸ್ಸಿನಲ್ಲಿತ್ತು. ನಾವು ಕೇಳಿರಲಿಲ್ಲ, ಅಷ್ಟೇ.

ಹಾಗೆಯೇ ಆಯಿತು. ಅಪ್ಪಣೆ ಬರುವುದಕ್ಕೆ ತಿಂಗಳುಗಳೇ ಹಿಡಿದುವು. ಮಗಳ ಮನೆಯ ಮೊದಲ ಕಂತು ಸಾಲವೂ ಸೇರಿ ಹೇಗೋ ನಡೆಯಿತು. ಮರದ ಹಣ ಆಮೇಲೆ ಆ ಸಾಲಕ್ಕೆ ಸಂದಿತು. 2019ರ ಜೂನಿನಲ್ಲಿ ನಾವೆಲ್ಲ ಊರಿಗೆ ಹೋಗಿ ಮೂವತ್ತಾರು ಸಸಿ ನೆಟ್ಟೆವು. ನೆಟ್ಟು ನಾವು ಗಾಡಿ ಹತ್ತಿದೆವು. ಅವನು ಬೇಲಿ ಕಟ್ಟಿದ. ಮೊದಲ ಬೇಸಿಗೆಯಲ್ಲಿ ಒಂಬತ್ತು ಒಣಗಿದುವು, ಎರಡನ್ನು ದನ ತಿಂದಿತು. ಅಷ್ಟನ್ನೂ ಮರುವರ್ಷ ಅವನೊಬ್ಬನೇ ಮತ್ತೆ ನೆಟ್ಟ.

ಅದೇ 2019ರ ಆಗಸ್ಟಿನಲ್ಲಿ ನಿಲಂಬೂರಿನ ಹೆಸರು ವರ್ತಮಾನಪತ್ರಿಕೆಗಳಲ್ಲಿ ಬಂತು. ಹತ್ತಿರದ ಕವಳಪ್ಪಾರದಲ್ಲಿ 8ನೆಯ ತಾರೀಖು ಗುಡ್ಡ ಕುಸಿದು 59 ಜನ ಮಣ್ಣಿನಡಿಯಾದರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದಾಗ, ಅಲ್ಲಿನವರ ಶವಗಳು ನಿಲಂಬೂರಿನವರೆಗೂ ತೇಲಿ ಬಂದುವು. ನಾವು ಜನವರಿಯಲ್ಲಿ ಕಂಡ ಅದೇ ತಿಳಿಯಾದ ಚಾಲಿಯಾರ್ ಹೊಳೆಯಲ್ಲಿ. ಒಂದು ಕಾಲಕ್ಕೆ ಸಾಗುವಾನಿಯ ದಿಮ್ಮಿಗಳನ್ನು ಕಡಲಿಗೆ ಸಾಗಿಸಿದ ಹೊಳೆ ಅದು. ಗುಡ್ಡ ಜಾರುವುದಕ್ಕೆ ಕಾರಣಗಳು ಹಲವು. ಆ ಸುರಿದ ಮಳೆಯನ್ನು ತಡೆಯುವುದು ಮರಗಳಿಂದಲೂ ಆಗುತ್ತಿರಲಿಲ್ಲವೇನೋ. ಆದರೂ ಆ ಸುದ್ದಿ ಕೇಳಿದ ರಾತ್ರಿ ನಮಗೆ, ಅವು ಮಣ್ಣನ್ನು ಹಿಡಿದಿವೆ ಎಂದ ತಮ್ಮನ ಮಾತು ಮತ್ತೆ ಮತ್ತೆ ನೆನಪಾಯಿತು. ಎದ್ದು ಫೋನು ಮಾಡಿ, ಊರಿನಲ್ಲಿ ಮಳೆ ಹೇಗಿದೆ ಎಂದು ಕೇಳಿದೆವು.

ನಮ್ಮ ಸಂಘದ ಮನೆಗಳಲ್ಲಿ ಊರಿನಲ್ಲಿ ಒಂದು ತುಂಡು ನೆಲವಾದರೂ ಇರುವವರು ಎಷ್ಟೋ ಮಂದಿ ಇದ್ದೀರಿ. ವರ್ಷಕ್ಕೊಮ್ಮೆ ಹೋಗಿ ನೋಡಿ, ಒಂದು ಸಸಿ ನೆಟ್ಟು, ಚಿತ್ರ ತೆಗೆಸಿಕೊಂಡು ಬರುತ್ತೀರಿ. ನೆಡಬೇಕು, ನೆಡುವುದು ಒಳ್ಳೆಯದೇ. ಅದರ ಜೊತೆಗೆ, ಆ ಸಸಿಗೆ ನೀರು ಹಾಕುವವರನ್ನು ಒಂದು ಮಾತು ಕೇಳಿ ಬನ್ನಿ, ಅವರ ಖರ್ಚಿಗೆ ನಿಮ್ಮ ಪಾಲನ್ನೂ ಕೊಟ್ಟು ಬನ್ನಿ.

ನಮ್ಮ ಹೊಸ ತೋಪು ಈಗ ಮನೆಯ ಮಾಡಿಗಿಂತ ಎತ್ತರವಾಗಿದೆ. ಕಳೆದ ಬೇಸಿಗೆಯಲ್ಲಿ ಮೊಮ್ಮಗ ಒಂದು ಹಲಗೆಯ ತುಂಡಿಗೆ ಬಣ್ಣದಲ್ಲಿ ಹೆಸರು ಬರೆದು ಅಲ್ಲಿ ನಿಲ್ಲಿಸಿ ಬಂದ. ಅಜ್ಜನ ಹೆಸರು ಬರೆಯುತ್ತಾನೆಂದು ನಾವು ಒಳಗೊಳಗೇ ಎಣಿಸಿದ್ದೆವು. ಅವನು ಬರೆದದ್ದು, "ಸಣ್ಣಜ್ಜನ ತೋಪು" ಎಂದು. ನಮ್ಮ ತಮ್ಮ ಅದನ್ನು ಓದಿ, ಏನೂ ಹೇಳದೆ, ಕೊಡ ಎತ್ತಿಕೊಂಡು ಹೊಳೆಯ ಕಡೆ ಇಳಿದ.